ಮೂವರ ಬಾಡಿಗೆ

೨೦೦೪ರಲ್ಲಿ ಕುಮಟೆಗೆ ವರ್ಗವಾದಾಗ ನನ್ನ ಮಾಸ್ತರಿಕೆಯ ಸಂಬಳಕ್ಕೆ ಎಟಕುವ ಮನೆಯೇ ಇರಲಿಲ್ಲ. ಹದಿನೇಳು ಮನೆ ನೋಡಿ ರೋಸಿಹೋದ ಮೇಲೆ, ಊರಾಚೆಯ ಹೊಸ ಬಡಾವಣೆಯಲ್ಲಿ ಒಂದು ಎಂಟುನೂರಕ್ಕೆ ಸಿಕ್ಕಿತು. ನಾನು, ಹೆಂಡತಿ ಕಮಲಿ, ಇಬ್ಬರೇ.

ಮೇ ತಿಂಗಳ ಮಧ್ಯಾಹ್ನವೂ ಹಿಂದಿನ ಕೋಣೆಯ ನೆಲ ಕಾಲು ಮರಗಟ್ಟುವಷ್ಟು ತಣ್ಣಗಿರುತ್ತಿತ್ತು. ಬಾವಿಯ ರಾಟೆ ತಿರುಗಿದ ಸದ್ದಾಗುತ್ತಿತ್ತು. ಹೋಗಿ ನೋಡಿದರೆ ಹಗ್ಗ ಒದ್ದೆ, ಯಾರೂ ಇಲ್ಲ.

ಮೂರನೇ ತಿಂಗಳು ಪಕ್ಕದಲ್ಲೇ ಇದ್ದ ಮನೆಯೊಡತಿ ನಾಗವೇಣಿ ಅಕ್ಕ ಬಂದರು. "ಇನ್ನೂರು ಜಾಸ್ತಿ ಕೊಡಿ ಮಾಸ್ತರ್ರೆ. ಇಬ್ರು ಅಂದು ಮೂರು ಜನ ಇದ್ರೆ ಹ್ಯಾಂಗೆ?"

"ಎಂತ ಅಕ್ಕ! ಮೂರನೇದು ಯಾರು?" ಕಮಲಿ ರೇಗಿದಳು.

"ನಿನ್ನ ಅತ್ತೆ! ದಿನಾ ಬಾವಿಕಟ್ಟೆ ಹತ್ರ ನನ್ ಸಂಗ್ತಿಗೆ ಮಾತಾಡ್ತಾರಲ್ಲ."

ನನ್ನ ಅಮ್ಮ ನಮ್ಮೂರು ತೆಂಗಿನಗುಂಡಿಯಲ್ಲಿದ್ದಳು. ಆ ಮನೆಗೆ ಒಮ್ಮೆಯೂ ಬಂದಿರಲಿಲ್ಲ. ಮತ್ತೆ ಮನೆ ಹುಡುಕುವ ತ್ರಾಣವಿಲ್ಲದೆ, ವರ್ಷವಿಡೀ ಮೂವರ ಬಾಡಿಗೆ ಕೊಟ್ಟೆ.