‘ಮಾಡಿದೆಯಾ?’ ಎಂದ ಕಿಟಕಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಟೈಲರಮ್ಮ ಠಾಣೆಗೆ ಬಂದರು. ಅಂಗಡಿಯ ಹಿಂದೆ ಹೊಲಿಗೆ ಯಂತ್ರಗಳಿಗೆಂದು ಕಟ್ಟಿಸಿದ್ದ ಕೋಣೆಯನ್ನು ಶುಕ್ರವಾರ ಕೆಡವುವುದಾಗಿ ನಗರ ಯೋಜನಾ ಕಚೇರಿ ನೋಟಿಸು ಅಂಟಿಸಿತ್ತು. ಅನುಮತಿ ಪಡೆದಿಲ್ಲವೆಂಬುದು ಕಾರಣ.

“ಬೇಕಾ ಅಂತ ಮೊದಲೇ ಕೇಳಿದ್ದೆ ಸಾರ್. ಬೇಡ ಅಂದ್ರು. ಈಗ ಕಚೇರೀಲಿ ಕೇಳಿದ್ರೆ ಅಂಥೋರು ನಮ್ಮಲ್ಲಿ ಯಾರೂ ಇಲ್ಲ ಅಂತಾರೆ!”

“ಎಲ್ಲಿ ಕೇಳಿದ್ರಿ?” ಇನ್‌ಸ್ಪೆಕ್ಟರ್ ಕೇಳಿದರು.

“ಎರಡು ತಿಂಗಳ ಹಿಂದೆ, ಹಳೇ ಕಟ್ಟಡದಲ್ಲಿ. ‘ವಿಚಾರಣೆ’ ಅಂತ ಬೋರ್ಡಿರೋ ಕಿಟಕೀಲಿ.”

ಕಚೇರಿ ಹೊಸ ಕಟ್ಟಡಕ್ಕೆ ಹೋಗಿ ವರ್ಷವಾಗಿತ್ತು. ಸರ್ಕಾರಿ ನೌಕರನ ಸೋಗು, ವಂಚನೆ ಎಂದು ಎಫ್‌ಐಆರ್ ದಾಖಲಾಯಿತು.

“ಅವನ ಮಾತಲ್ಲೇ ಹೇಳಿ. ಏನಂದ?”

“‘ಮಾಡಿದೆಯಾ?’ ಅಂದ್ರು. ಇನ್ನೂ ಕೆಲಸ ಶುರುವಾಗಿರ್ಲಿಲ್ಲ, ‘ಮಾಡಿಲ್ಲ’ ಅಂದೆ. ‘ಹಾಗಾದ್ರೆ ಅನುಮತಿ ಬೇಡಮ್ಮ, ಧೈರ್ಯವಾಗಿ ಕಟ್ಟು’ ಅಂದ್ರು.”

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಅಪ್ಪನ ನಗು ಕಿವಿಯಲ್ಲಿ ಕೇಳಿದಂತಾಯಿತು. ಸೈಕಲ್ ರಿಪೇರಿಯ ಅಪ್ಪ ಅಂಗಡಿ ಕಟ್ಟುವ ಮೊದಲು ಅದೇ ಕಿಟಕಿಗೆ ಹೋಗಿ ಬಂದು, ಊಟಕ್ಕೆ ಕೂತಾಗಲೆಲ್ಲ ಅಣಕಿಸುತ್ತಿದ್ದ ಮಾತದು: “ಮಾಡು ಇದೆಯಾ? ಮಾಡಿದ್ರೆ ಅರ್ಜಿ ಹಾಕು, ಮಾಡಿಲ್ಲದಿದ್ರೆ ಸುಮ್ನೆ ಮಾಡು!” ಬರೀ ಗೋಡೆಗೆ ಅನುಮತಿ ಬೇಡ, ಮೇಲೆ ಮಾಡು, ಅಂದರೆ ಚಾವಣಿ, ಬಂದರೆ ಬೇಕು. ಕಿಟಕಿಯವನು ಕೇಳಿದ್ದು ಚಾವಣಿಯನ್ನು. ಈಕೆ ಉತ್ತರ ಕೊಟ್ಟದ್ದು ಕೆಲಸಕ್ಕೆ. ಅಪ್ಪ ಇದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದ. ಇನ್‌ಸ್ಪೆಕ್ಟರಿಗೆ ಅಪ್ಪ ಬಹಳ ನೆನಪಾದ.

ಮಧ್ಯಾಹ್ನ ಮಹಿಳಾ ಕಾನ್‌ಸ್ಟೇಬಲ್ ಮಫ್ತಿಯಲ್ಲಿ ಹಳೇ ಕಟ್ಟಡಕ್ಕೆ ಹೋದರು. ಖಾಲಿ ಕೋಣೆಗಳಲ್ಲೆಲ್ಲ ಧೂಳು. ಆ ಕಿಟಕಿಯ ಕಟ್ಟೆ ಮಾತ್ರ ಒರೆಸಿ ಫಳಫಳ.

“ಹಿತ್ತಲಲ್ಲಿ ಕೋಣೆ ಕಟ್ಟಬೇಕು. ಅನುಮತಿ ಬೇಕಾ?”

“ಮಾಡಿದೆಯಾ?” ಒಳಗಿನಿಂದ ದನಿ ಬಂತು.

ಸಿಕ್ಕಿಬಿದ್ದವರು ಅದೇ ಕಿಟಕಿಯಲ್ಲಿ ಕೂತು ನಿವೃತ್ತರಾದ ಗುಮಾಸ್ತ, ಊರ ಬಾಯಲ್ಲಿ ಕಿಟಕಿಯಪ್ಪ. ಬಾಗಿಲ ಕೀಲಿ ಇನ್ನೂ ಅವರ ಜೇಬಲ್ಲೇ ಇತ್ತು. ಪಂಚನಾಮೆಯಲ್ಲಿ ಬರೆಯಲು ಸಿಕ್ಕಿದ್ದು ಒಂದು ಕುರ್ಚಿ, ಒರೆಸುವ ಬಟ್ಟೆ, ಆ ಬೋರ್ಡು. ಯಾರಿಂದಲೂ ಚಿಕ್ಕಾಸು ಮುಟ್ಟಿದವರಲ್ಲ.

“ಯಾಕ್ರೀ ಯಜಮಾನ್ರೇ?” ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು.

“ಅಲ್ಲೇ ವಾಕಿಂಗ್ ಹೋಗ್ತಿದ್ದೆ. ಕಚೇರಿ ಹೋಗಿದ್ದು ಗೊತ್ತಿಲ್ದೆ ಯಾರೋ ಬಂದು ಕೇಳಿದ್ರು. ಗೊತ್ತಿಲ್ಲ ಅನ್ನೋಕೆ ನಾಲಿಗೆ ಹೊರಳಲಿಲ್ಲ. ರಿಟೈರ್ ಆದ್ಮೇಲೆ ನನ್ನ ಯಾರೂ ಏನೂ ಕೇಳಿಲ್ಲ ಸಾರ್. ಮನೇಲಿ ಊಟ ಆಯ್ತಾ ಅಂತ್ಲೂ ನಾನೇ ಕೇಳ್ಬೇಕು.”

ಇನ್‌ಸ್ಪೆಕ್ಟರ್ ದನಿ ತಗ್ಗಿಸಿದರು. “ಆಯಮ್ಮನಿಗೆ ತಪ್ಪಾಗಿ ಕೇಳಿಸ್ತು ಅಂತ ಬರೆದ್ರೆ ನಿಮ್ಮ ಕೇಸು ಹಗುರಾಗುತ್ತೆ.”

“ಅವಳ ಕೋಣೆ?”

“ಆಗ ತಪ್ಪು ಅವರದೇ ಆಗುತ್ತೆ, ಕೆಡವ್ತಾರೆ. ನೀವು ಅಧಿಕಾರಿ ಅಂತ ನಂಬಿಸಿ ಮೋಸ ಮಾಡಿದ್ರಿ ಅಂತಾದ್ರೆ ನೋಟಿಸು ತಡೆದು, ಹೊಸ ಅರ್ಜಿ ತಗೋತಾರಂತೆ. ಕಚೇರೀಲಿ ಕೇಳಿದೀನಿ.”

ಬಾಗಿಲ ಬಳಿ ಟೈಲರಮ್ಮ ಸೆರಗಿನ ತುದಿ ಹಿಂಡುತ್ತ ನಿಂತಿದ್ದರು.

ಸಂಜೆ ಐದಕ್ಕೆ ಬಂಧಿತರ ಹೇಳಿಕೆ ಬರೆದುಕೊಂಡ ಇನ್‌ಸ್ಪೆಕ್ಟರ್, ನಿಯಮದಂತೆ ಕೊನೆಯ ಪ್ರಶ್ನೆ ಕೇಳಿದರು. “ಮೋಸ ಮಾಡಿದ್ದು ಹೌದಾ?”

ಕಿಟಕಿಯಪ್ಪ ಟೈಲರಮ್ಮನ ಕಡೆ ತಿರುಗಿದರು.

“ಮಾಡಿದೆ,” ಎಂದರು. “ಅದು ಹಾಗೇ ಇರ್ಲಿ.”