ಅಮ್ಮು ಕಟ್ಟಿದ ಬಾಗಿಲು

"ಎಲ್ಲ ಫೈಲ್ ನೋಡಿ ಮೇಡಂ. ಕಾಸರಕನ ಮರದ ಜಾಗಕ್ಕೆ ಮಾತ್ರ ಜನ ಕಳಿಸುದು ಬೇಡ."

ನಿವೃತ್ತಿಯ ಹಾರ ಇನ್ನೂ ಕೊರಳಲ್ಲಿದ್ದ ಉದಯಶಂಕರ ಹೀಗೆ ಹೇಳಿದಾಗ ದೀಕ್ಷಿತಾ ನಕ್ಕುಬಿಟ್ಟಳು. ಘಟ್ಟದ ತಪ್ಪಲಿನ ಆ ಪಟ್ಟಣ ಪಂಚಾಯಿತಿಯ ಕಟ್ಟಡ ಪರವಾನಗಿ ವಿಭಾಗಕ್ಕೆ ಅವಳು ಮಂಗಳೂರಿನಿಂದ ಮೇಲ್ವಿಚಾರಕಿಯಾಗಿ ಬಂದಿದ್ದಳು. ಅವನು ಬಿಟ್ಟುಹೋಗುತ್ತಿದ್ದ ಕುರ್ಚಿ ಅವಳದಾಗಿತ್ತು.

"ಯಾಕೆ, ಅಲ್ಲಿ ಭೂತ ಉಂಟಾ?"

"ಭೂತ ಅಲ್ಲ, ಮಾಟ." ಅವನು ದನಿ ತಗ್ಗಿಸಿದ. "ಅಲ್ಲಿ ಮೊದಲು ದೊಡ್ಡ ಮನೆ ಇತ್ತು. ಅಮ್ಮು ಅಂತ ಆ ಮನೆಯ ಸೊಸೆ. ಗಂಡ ಸತ್ತ ಮೇಲೆ ಮೈದುನರು ಅವಳನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದರು. ಆಟಿ ತಿಂಗಳ ಮಳೆ. ಗೋಡೆ ತಟ್ಟಿಕೊಂಡು ಮನೆಗೆ ಸುತ್ತು ಬಂದಳಂತೆ, ಒಬ್ಬ ಸಹ ತೆಗೆಯಲಿಲ್ಲ. ಸಾಯುವ ಮೊದಲು ಮಂತ್ರವಾದಿಯನ್ನು ಕರೆಸಿ ಹೊಸ್ತಿಲ ಬುಡದಲ್ಲಿ ಎಂತದೋ ಹೂಳಿಸಿದಳು. ಇಲ್ಲಿ ಬಾಗಿಲಿಗೆ ಗುರುತು ಹಾಕಿದ ಕೈಗೆ ಇನ್ನು ಯಾವ ಬಾಗಿಲೂ ಸಿಗಬಾರದು ಅಂತ ಶಾಪ ಹಾಕಿದಳು."

"ನಿಮ್ಮ ಕಾಲದಲ್ಲಿ ಕೆಲಸ ಯಾಕೆ ಬಾಕಿ ಆಯ್ತು ಅಂತ ಈಗ ಗೊತ್ತಾಯ್ತು," ಎಂದಳು ದೀಕ್ಷಿತಾ. ಉದಯಶಂಕರ ಹಾರ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದ.

ಆ ಜಾಗದ ಒಡತಿ ನೀಲಾವತಿ ಮರುವಾರವೇ ಕೌಂಟರಿನೆದುರು ಬಂದು ನಿಂತಳು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು. ಸೀರೆಯ ಸೆರಗಿಗೆ ಹೊಗೆಯ ವಾಸನೆ. ಆ ಮೈದುನರ ವಂಶದಲ್ಲಿ ಉಳಿದವಳು ಇವಳೊಬ್ಬಳೇ. ಆಲಂಕಾರಿನ ದಾರಿಯಲ್ಲಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು.

"ನಾಳೆ ಬನ್ನಿ, ನಾಡಿದ್ದು ಬನ್ನಿ ಅಂತ ಹೇಳಿಸಿಕೊಂಡೇ ಕೂದಲು ಬೆಳ್ಳಗಾಯ್ತು ಮೇಡಂ. ಅವರ ಪಾಪಕ್ಕೆ ನಾನೆಂತ ಮಾಡುದು? ನನಗೂ ಒಂದು ಮನೆ ಬೇಡವಾ?"

ದೀಕ್ಷಿತಾಳಿಗೆ ಮೈ ಉರಿಯಿತು. ಸಿಟ್ಟು ಆ ಹೆಂಗಸಿನ ಮೇಲಲ್ಲ, ತನ್ನ ಸಿಬ್ಬಂದಿಯ ಮೇಲೆ. ಸ್ಥಳ ಪರಿಶೀಲಕ ಲತೀಶನನ್ನು ಕರೆದು ಹೊರಡಲು ಹೇಳಿದಳು. ಅವನು ತಲೆ ತಗ್ಗಿಸಿ ನಿಂತೇ ಇದ್ದ. ಕಂಪ್ಯೂಟರಿನ ಹಿಂದಿದ್ದ ಗುಮಾಸ್ತೆ ರಸೀನಾಳ ಬೆರಳುಗಳು ಕೀಲಿಗಳ ಮೇಲೆ ತಡೆದು ನಿಂತವು.

"ಬೇರೆ ಎಲ್ಲಿಗೆ ಬೇಕಾದ್ರೂ ಹೋಗ್ತೇನೆ ಮೇಡಂ. ಮನೆಯಲ್ಲಿ ಹೆಂಡತಿ ಭವಿತಾ ಬಸುರಿ. ಅಲ್ಲಿಗೆ ಮಾತ್ರ..."

"ಇವತ್ತು ಹೋಗದಿದ್ರೆ ನಾಳೆ ಅಮಾನತು. ನಾನೂ ಬರ್ತೇನೆ, ನಡಿ."

ಜಾಗ ಊರಿನಿಂದ ದೂರವಿರಲಿಲ್ಲ. ಆದರೂ ಜೀಪು ನಿಂತದ್ದೇ ರಸ್ತೆಯ ಗದ್ದಲವೆಲ್ಲ ಯಾರೋ ಬಾಯಿ ಮುಚ್ಚಿದಂತೆ ಅಡಗಿತು. ನೆತ್ತಿ ಸುಡುವ ಮಧ್ಯಾಹ್ನ. ಕಾಸರಕನ ಮರದಡಿ ಒಡೆದುಬಿದ್ದ ಹಣ್ಣುಗಳ ಕಹಿ ವಾಸನೆ ಗಂಟಲಿಗೆ ಹತ್ತಿ ಕೂತಿತು. ಹಳೆಯ ಅಡಿಪಾಯದ ಕಲ್ಲುಗಳು ಅರ್ಧ ಮಣ್ಣಾಗಿ ಚದರಿದ್ದವು. ಅವುಗಳ ನಡುವೆ ಹೊಸ್ತಿಲಿದ್ದ ಕಡೆ ಮಾತ್ರ ಒಂದು ಹುಲ್ಲುಕಡ್ಡಿಯೂ ಇಲ್ಲ.

ಲತೀಶ ಟೇಪು ಎಳೆದ. ನಕ್ಷೆಯಲ್ಲಿ ಮುಂಬಾಗಿಲು ಬಿದ್ದದ್ದು ಸರಿಯಾಗಿ ಆ ಬೋಳು ನೆಲದ ಮೇಲೆಯೇ. ಗೂಟ ಇಟ್ಟು ಸುತ್ತಿಗೆ ಎತ್ತಿದವನು ಅವಳ ಕಡೆ ತಿರುಗಿದ.

"ಮೇಡಂ, ಒಮ್ಮೆ..."

"ಹೊಡಿ."

ಹೊಡೆದ. ಮಣ್ಣಿಗೆ ಗೂಟ ಇಳಿಯುವ ಸದ್ದಲ್ಲ ಅದು. ಟಕ್. ಮರದ ಬಾಗಿಲು ತಟ್ಟಿದ ಸದ್ದು. ಮತ್ತೆ ಹೊಡೆದ. ಟಕ್. ಗೂಟ ನಿಂತಿತು. ಲತೀಶ ಸುತ್ತಿಗೆ ಕೆಳಗಿಟ್ಟು ಬೆವರು ಒರೆಸಿಕೊಂಡ.

ಆಗ ನೆಲದೊಳಗಿಂದ ಇನ್ನೊಮ್ಮೆ ಕೇಳಿತು. ಟಕ್.

ಇಬ್ಬರೂ ಮುಖ ಮುಖ ನೋಡಿಕೊಂಡರು. "ಬೇರಿನಡಿ ಪೊಳ್ಳು ಇರಬೇಕು," ಎಂದಳು ದೀಕ್ಷಿತಾ. ಜೀಪು ಹತ್ತುವಾಗ ಅವಳ ಕಾಲಿಗೂ ಅವಸರವಿತ್ತು. ಕಚೇರಿಗೆ ಬಂದು ಪರವಾನಗಿಗೆ ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಲತೀಶ ಕೆಲಸಕ್ಕೆ ಬರಲಿಲ್ಲ. ಸೋಮಾರಿ ಎಂದುಕೊಂಡು ಕಿಟಕಿಯಿಂದ ಹೊರಗೆ ನೋಡಿದ ದೀಕ್ಷಿತಾ ಹಾಗೇ ನಿಂತಳು. ಅವನು ಅಂಗಳದಲ್ಲಿದ್ದ. ಗೋಡೆಗೆ ಅಂಗೈ ಒತ್ತಿ ನಡೆಯುತ್ತಿದ್ದ. ಮೂಲೆ ತಿರುಗಿ ಮರೆಯಾದ. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಯಿಂದ ಬಂದ. ಹಾರುಹೊಡೆದಿದ್ದ ಕಚೇರಿಯ ಬಾಗಿಲನ್ನು ಸವರಿಕೊಂಡೇ ದಾಟಿ ಮುಂದೆ ಹೋದ.

"ಲತೀಶ್! ಎಂತ ಮಾಡುದು ಅಲ್ಲಿ?"

"ಬಾಗಿಲು ಎಲ್ಲಿ ಮೇಡಂ?" ಅವನ ಕಣ್ಣು ಅವಳ ದನಿ ಬಂದ ಕಡೆ ತಡಕಾಡಿತು. "ಬಾಗಿಲು ಯಾಕೆ ಮುಚ್ಚಿದ್ದೀರಿ? ಗೋಡೆ ಯಾಕೆ ಕಟ್ಟಿದ್ದೀರಿ?"

ಅವನು ರಾತ್ರಿಯಿಡೀ ತನ್ನ ಮನೆಯ ಸುತ್ತ ಹೀಗೇ ನಡೆದಿದ್ದನಂತೆ. ಚಾವಡಿಯಲ್ಲಿ ನಿಂತು ಭವಿತಾ ಕರೆದರೂ ಅವನಿಗೆ ಕಂಡದ್ದು ಕಲ್ಲಿನ ಗೋಡೆ. ಕಚೇರಿಯಿಂದ ಮನೆಗೆ ಕರೆದೊಯ್ದ ಮೇಲೆ ನೆರೆಯವರು ಸೇರಿ ಅವನನ್ನು ಎತ್ತಿ ಒಳಗೆ ತಂದರು. ಹೊಸ್ತಿಲು ದಾಟಿದ್ದೇ ತಡ, ಅವನ ಉಸಿರು ಕಟ್ಟಿತು. ಮುಖ ನೀಲಿಗಟ್ಟಿತು. ಅಂಗಳಕ್ಕೆ ತಂದು ಮಲಗಿಸಿದ ಮೇಲೆಯೇ ಎದೆ ಮತ್ತೆ ಏರಿ ಇಳಿದದ್ದು. ಪುತ್ತೂರಿನಿಂದ ಡಾಕ್ಟರು ಬಂದು ಅಂಗಳದಲ್ಲೇ ನೋಡಿದರು. ನರದ ತೊಂದರೆ ಎಂದು ಮಾತ್ರೆ ಕೊಟ್ಟರು. ಮಾತ್ರೆ ನುಂಗಿ ಅವನು ಮತ್ತೆ ನಡೆದ.

ದಿನ ಕಳೆದಂತೆ ಅವನ ಅಂಗೈಯ ಚರ್ಮ ಸುಲಿಯಿತು. ಮನೆಯ ಸುಣ್ಣದ ಗೋಡೆಯ ಮೇಲೆ ಎದೆಯೆತ್ತರದಲ್ಲಿ ಕೆಂಪು ಗೆರೆ ಮೂಡಿತು. ನೋಡಲು ಹೋದ ದೀಕ್ಷಿತಾಳಿಗೆ ಭವಿತಾ ಬಯ್ಯಲಿಲ್ಲ. ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಮಗು ಹುಟ್ಟಿದ್ರೆ ಇವರು ಅಂಗಳದಲ್ಲೇ ನಿಂತು ನೋಡುದಾ ಮೇಡಂ?" ಎಂದು ಕೇಳಿದಳು, ಅಷ್ಟೆ.

ಅಂದಿನಿಂದ ದೀಕ್ಷಿತಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಉಂಡ ಅನ್ನಕ್ಕೆ ಕಾಸರಕದ ಕಹಿ. ಫ್ಯಾನಿನ ಸದ್ದಿನಲ್ಲೂ ಯಾರೋ ಗೋಡೆ ಸವರುವ ಸದ್ದು. ಕೊನೆಗೊಂದು ಸಂಜೆ ಅವಳು ಕಬಕದ ಬಳಿಯಿದ್ದ ಉದಯಶಂಕರನ ಮನೆಗೆ ಹೋದಳು. ಬಾಗಿಲು ತೆರೆದ ಅವನು ಅವಳ ಮುಖ ನೋಡಿಯೇ ವಿಷಯ ತಿಳಿದುಕೊಂಡ.

"ಪರಿಹಾರ ಉಂಟಾ?"

"ಉಂಟು. ಹೂತದ್ದನ್ನು ತೆಗೆಯುದು. ಆದರೆ ತೆಗೆದವರು ಅದನ್ನು ತಮ್ಮದು ಅಂತ ಒಪ್ಪಿಕೊಳ್ಳಬೇಕು. ಮತ್ತೆ ಅದು ಅವರನ್ನೇ ಹಿಡಿಯುದು. ಅದಕ್ಕೇ ಇಷ್ಟು ಕಾಲ ಯಾರೂ ಮುಟ್ಟಲಿಲ್ಲ." ಅವನು ಅವಳಿಗೆ ಕುರ್ಚಿ ಸರಿಸಿದ. "ಸುಮ್ಮನೆ ವರ್ಗ ಮಾಡಿಸಿಕೊಳ್ಳಿ ಮಾರಾಯ್ರೆ. ಗೂಟ ಹೊಡೆದ ಕೈ ನಿಮ್ಮದಲ್ಲವಲ್ಲ."

ಹೌದು, ಕೈ ಅವಳದಲ್ಲ. ಬಾಯಿ ಅವಳದು. ಮರಳುವ ಬಸ್ಸಿನಲ್ಲಿ ಆ ಎರಡು ಮಾತು ತಲೆಯೊಳಗೆ ಒಂದನ್ನೊಂದು ಅಟ್ಟಿಸಿಕೊಂಡು ಓಡಿದವು. ಮಂಗಳೂರಿಗೆ ಒಂದು ಫೋನು ಮಾಡಿದರೆ ಸಾಕಿತ್ತು. ಫೋನು ಕೈಯಲ್ಲಿತ್ತು. ಅವಳು ಮಾಡಲಿಲ್ಲ.

ಮರುದಿನ ಊಟದ ಹೊತ್ತಿಗೆ ಯಾರಿಗೂ ಹೇಳದೆ ಹಾರೆ ಹಿಡಿದು ಹೊರಟಳು. ಅವಳು ಜಾಗ ತಲುಪುವಾಗ ಘಟ್ಟದ ಕಡೆಯಿಂದ ಮೋಡ ಇಳಿದು ನಡುಹಗಲೇ ಕತ್ತಲಾಯಿತು. ಗಾಳಿಯಿಲ್ಲ. ಹಕ್ಕಿಯಿಲ್ಲ. ಗೂಟ ಕಿತ್ತೆಸೆದು ಅಗೆದಳು. ಮಣ್ಣು ಮೊದಲು ಒಣಗಿತ್ತು. ಆಮೇಲೆ ಹಸಿಯಾಯಿತು. ಆಮೇಲೆ ಬಿಸಿಯಾಯಿತು, ಜ್ವರದ ಮೈಯಂತೆ. ಸುಟ್ಟ ಕೂದಲಿನ ನಾತ ಮೂಗಿಗೆ ಹೊಡೆಯಿತು.

ಬೆನ್ನ ಹಿಂದೆ ಹೆಜ್ಜೆ ಸದ್ದು.

ತಿರುಗಲಿಲ್ಲ. ಅಗೆದಳು. ಹೆಜ್ಜೆಗಳು ಅವಳ ಸುತ್ತ ಬಂದವು. ಒದ್ದೆ ಸೀರೆ ಕಾಲಿಗೆ ಬಡಿಯುವ ಸದ್ದು. ಇಲ್ಲದ ಗೋಡೆಯನ್ನು ಅಂಗೈ ಸವರುವ ಸದ್ದು. ಒಂದು ಸುತ್ತು. ಮತ್ತೊಂದು ಸುತ್ತು. ಪ್ರತಿ ಸುತ್ತಿಗೂ ಹತ್ತಿರ. ಹಾರೆಗೆ ಕಬ್ಬಿಣ ತಾಗಿತು. ಕೈ ಹಾಕಿದಳು. ಬೀಗ. ತುಕ್ಕು ಹಿಡಿದ ದೊಡ್ಡ ಬೀಗ. ಅದರ ಕೊಂಡಿಗೆ ಹೆಂಗಸಿನ ಉದ್ದ ಕೂದಲು ಸುತ್ತಿತ್ತು. ಕೂದಲು ಒದ್ದೆಯಾಗಿತ್ತು. ಹೆಜ್ಜೆ ನಿಂತಿತು. ಕಿವಿಯ ಹತ್ತಿರ ತಣ್ಣಗಿನ ಉಸಿರು.

"ಬಾಗಿಲು ತೆಗೀತೀಯಾ?"

ಓಡಿಹೋಗು ಎಂದಿತು ಮೈ. ದೀಕ್ಷಿತಾ ಓಡಲಿಲ್ಲ. ಬೀಗವನ್ನು ಎದೆಗವಚಿಕೊಂಡಳು.

"ಗೂಟ ಹೊಡೆಸಿದ್ದು ನಾನು," ಎಂದಳು. "ಇದು ನನ್ನದು. ಅವನನ್ನು ಬಿಡು."

ಬೀಗ ತಾನಾಗಿ ತೆರೆಯಿತು. ಕಟ್.

ಆಗಲೇ ಮಳೆ ಸುರಿಯತೊಡಗಿತು. ಮೊದಲ ಹನಿಗೇ ಕೂದಲು ಅವಳ ಕೈಯಲ್ಲಿ ಬೂದಿಯಾಗಿ ಹರಿದುಹೋಯಿತು. ಸುತ್ತ ಯಾರೂ ಇರಲಿಲ್ಲ. ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ತೆಗೆದರೆ ಭವಿತಾಳ ಅಳು, ಅಳುವಿನ ನಡುವೆ ನಗು. "ಒಳಗೆ ಬಂದ್ರು ಮೇಡಂ! ಇವರೇ ನಡ್ಕೊಂಡು ಒಳಗೆ ಬಂದ್ರು! ಅಡುಗೆಮನೆಯಲ್ಲಿ ಕೂತು ಗಂಜಿ ಉಣ್ತಾ ಇದ್ದಾರೆ."

ದೀಕ್ಷಿತಾ ಮಳೆಯಲ್ಲಿ ನಡೆದೇ ಕಚೇರಿಗೆ ಬಂದಳು. ಕಟ್ಟಡ ಇತ್ತು. ಕಿಟಕಿಗಳಿದ್ದವು. ಬಾಗಿಲು ಇರಲಿಲ್ಲ.

ಮೇಲಿನವರಿಗೆ ಏನು ಹೇಳುವುದೆಂದು ಯಾರಿಗೂ ತಿಳಿಯಲಿಲ್ಲ. ಅಂಗಳದಲ್ಲಿ ಒಂದು ತಗಡಿನ ಮಾಡು ಇಳಿಸಿ, ಅದರಡಿಯಲ್ಲೇ ಅವಳ ಮೇಜು ಹಾಕಿದರು. ಗೋಡೆಯೊಳಗಿಂದ ಹೊರಬಂದವಳಂತೆ ಕಾಣುವ ರಸೀನಾ ಫೈಲು ತಂದುಕೊಡುತ್ತಿದ್ದಳು. ಅವಳು ನಿತ್ಯ ಒಂದು ಟಿಫಿನ್ ಡಬ್ಬಿಯನ್ನೂ ತರುತ್ತಿದ್ದಳು. ರಾತ್ರಿಗೆ ದೀಕ್ಷಿತಾ ನೆಟ್ಟಣದ ರೈಲು ನಿಲ್ದಾಣದ ಬೆಂಚಿಗೆ ಹೋಗುತ್ತಿದ್ದಳು. ಪ್ಲಾಟ್‌ಫಾರ್ಮಿಗೆ ಬಾಗಿಲು ಬೇಕಿರಲಿಲ್ಲ. ರೈಲು ಬಂದು ನಿಂತಾಗ ಅದರ ಡಬ್ಬಿಗಳು ಮಾತ್ರ ಅವಳಿಗೆ ಉದ್ದಕ್ಕೂ ಮುಚ್ಚಿದ ತಗಡಾಗಿ ಕಾಣುತ್ತಿದ್ದವು. ಮಂಗಳೂರಿನಿಂದ ಅಮ್ಮ ಫೋನಿನಲ್ಲಿ ಯಾವಾಗ ಬರ್ತೀ ಎಂದು ಕೇಳಿದರೆ, ಕೆಲಸ ಉಂಟಮ್ಮ ಎನ್ನುತ್ತಿದ್ದಳು.

ನೀಲಾವತಿಯ ಮನೆ ಎದ್ದಿತು. ಚಿಕ್ಕದು, ಹೆಂಚಿನದು. ಕೆಲಸದವರಲ್ಲಿ ಒಬ್ಬನಿಗೂ ಏನೂ ಆಗಲಿಲ್ಲ. ಮನೆಯೊಕ್ಕಲಿನ ದಿನ ಊರಿಗೆ ಊರೇ ಬಂತು. ಲತೀಶ ಹೆಂಡತಿಯ ಜೊತೆ, ಹಾಲುಗೆನ್ನೆಯ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ. ದೀಕ್ಷಿತಾಳ ಎದುರು ಕೈಮುಗಿದು ನಿಂತ. "ಒಳಗೆ ಹೋಗು, ಮಗುವಿಗೆ ಬಿಸಿಲು," ಎಂದು ಅವಳೇ ಅವನನ್ನು ಕಳಿಸಿದಳು. ಅವರು ಮೂವರೂ ಹಳದಿ ಬಣ್ಣದ ಗೋಡೆಯ ತನಕ ಹೋದರು. ಆಮೇಲೆ ಕಾಣಿಸಲಿಲ್ಲ.

ಗೋಡೆಯ ಆಚೆಯಿಂದ ಹಾಲು ಉಕ್ಕಿದ ವಾಸನೆ ಬಂತು. ನಗು, ಬಳೆಯ ಸದ್ದು, ಮಕ್ಕಳ ಗಲಾಟೆ. ಅಷ್ಟರಲ್ಲಿ ನೀಲಾವತಿಯ ದನಿ ಕೇಳಿತು. ಅವಳು ಈ ಮೊದಲು ಯಾರನ್ನೂ ತನ್ನ ಮನೆಗೆ ಕರೆದವಳಲ್ಲ. ಸಂತೋಷದಲ್ಲಿ ಎಲ್ಲ ಮರೆತೇಬಿಟ್ಟಿದ್ದಳು.

"ಮೇಡಂ ಎಲ್ಲಿ? ಮೇಡಂ, ಒಳಗೆ ಬನ್ನಿ! ನೀವು ಬಾರದೆ ನಾನು ಎಲೆ ಹಾಕುದಿಲ್ಲ."

"ಬಂದೆ ನೀಲಾವತಿಯಮ್ಮ," ಎಂದು ಕೂಗಿದಳು ದೀಕ್ಷಿತಾ. ಹಸಿ ಬಣ್ಣದ ಗೋಡೆಗೆ ಅಂಗೈ ಒತ್ತಿ ಬಲಕ್ಕೆ ನಡೆದಳು. ಗೋಡೆ ಮುಗಿದು ಮೂಲೆ ಬಂತು. ಮೂಲೆ ತಿರುಗಿದರೆ ಮತ್ತೆ ಗೋಡೆ. "ಬಂದೆ, ಬಂದೆ," ಎನ್ನುತ್ತ ಅವಳು ಹೆಜ್ಜೆ ಬಿರುಸು ಮಾಡಿದಳು.