ಇರುವೆ ಮುತ್ತದ ಅಂಟು

ನಾಲ್ಕನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಮತ್ತೆ ಸತ್ತಂತೆ ನಿಂತಿತು. ಪರದೆಯ ಮೇಲೆ ಆ ಹಾಳು ಚಕ್ರವೊಂದೇ ಸುತ್ತುತ್ತಿತ್ತು. ನನ್ನ ಹೆಂಡತಿ ಡೆಲ್ಫಿನಾ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು.

ಇದು ಬರೀ ಅಭ್ಯಾಸ. ನಿಜವಾದ ಪರೀಕ್ಷೆ ನಾಳೆ ಬೆಳಿಗ್ಗೆ, ಮನೆಯಿಂದಲೇ, ಇದೇ ಯಂತ್ರದಲ್ಲಿ. ಗೆದ್ದರೆ ನಮ್ಮ ತುಕುಮಾನ್ ಪಟ್ಟಣದಲ್ಲೇ ಕಾಯಂ ಟೀಚರ್ ಕೆಲಸ. ಸೋತರೆ ಮತ್ತೆ ಬೆಟ್ಟದ ಮೇಲಿನ ಆ ಶಾಲೆ, ವಾರಕ್ಕೊಮ್ಮೆ ಮನೆ.

ನನಗೂ ರೋಸಿಹೋಗಿತ್ತು. ಬೇಡದ ಫೈಲುಗಳನ್ನು ಅಳಿಸಿದೆ, ವೈರಸ್ ಹುಡುಕಿದೆ, ಮೆಮೊರಿ ಹೆಚ್ಚಿಸಿದೆ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಎರಡು ಸಲ ರಿಪೇರಿ ಅಂಗಡಿಗೂ ಹೊತ್ತೊಯ್ದೆ. ಅಲ್ಲಿ ದಿನವಿಡೀ ಕುದುರೆಯ ಹಾಗೆ ಓಡಿತು! ಅಂಗಡಿಯವನು ನನ್ನ ತಲೆಯನ್ನೇ ಅನುಮಾನಿಸಿದ. ಮನೆಗೆ ತಂದು ಸ್ವಲ್ಪ ಹೊತ್ತಿಗೆ ಫ್ಯಾನು ಕಿರುಚತೊಡಗಿ, ಮತ್ತೆ ಆಮೆ.

ಊರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಡೆಲ್ಫಿನಾಳ ಅಕ್ಕ ಕಸೀಲ್ದಾ ಬಂದರು. ಸುಳ್ಳು ಹೇಳಿ ವಿಮೆ ಹಣ ಕೇಳುವವರನ್ನು ಹಿಡಿಯುವುದು ಅವರ ಉದ್ಯೋಗ. 'ಮಾತೆ' ಎಂಬ ಎಲೆಯ ಕಷಾಯ ಕುಡಿಯುವ ಸೋರೆಬುರುಡೆಗೆ ಬಿಸಿನೀರು ಸುರಿದುಕೊಂಡು, ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು.

ನನ್ನ ಪ್ರಕಾರ ಅಪರಾಧಿ ನಮ್ಮ ಜೊತೆಗೇ ಇರುವ ಅವರ ತಮ್ಮ ಲಿಯಾಂದ್ರೋ. ಇದ್ದಬದ್ದ ಆಟಗಳನ್ನೆಲ್ಲ ಅದರೊಳಗೆ ತುಂಬಿದವನು ಅವನೇ.

"ಆಟ ಎಲ್ಲಾ ತೆಗೆದು ಎಷ್ಟೋ ದಿನ ಆಯ್ತು ಭಾವ," ಅಂದ ಲಿಯಾಂದ್ರೋ. "ಈ ಮನೇಲಿ ಏನು ಕೆಟ್ರೂ ನಾನೇ ಕಾಣ್ತೀನಾ ನಿಮಗೆ?"

"ಅಂಗಡಿಯಲ್ಲಿ ಅದರ ಅಡಿ ಮುಟ್ಟಿದ್ರೆ ಕೈಗೆ ಅಂಟ್ತಿತ್ತು. ನೀನು ತಿನ್ನೋ ಹಾಲಿನ ಸಿಹಿ ತಾನೆ ಅದು?"

ಕಸೀಲ್ದಾ ತಟ್ಟನೆ ನನ್ನತ್ತ ತಿರುಗಿದರು. "ಇರುವೆ ಮುತ್ತಿತ್ತಾ ರಮೀರೋ?"

"ಇರುವೆ? ಇಲ್ಲ ಅತ್ತಿಗೆ."

"ಈ ಸೆಖೇಲಿ, ಈ ಮನೇಲಿ— ಇರುವೆ ಬರದೇ ಇರೋ ಸಿಹಿ ಯಾವುದಪ್ಪ?"

ಆಮೇಲೆ, ಅಂಗಡಿಗೆ ಒಯ್ಯುವಾಗ ಅದನ್ನು ಚೀಲಕ್ಕೆ ಹಾಕಿದವರು ಯಾರು ಎಂದು ಕೇಳಿದರು. ಎರಡು ಸಲವೂ ಅತ್ತೆ ಎವುಲೋಹಿಯಾ ಅವರೇ ತಮ್ಮ ಕೋಣೆಗೆ ಒಯ್ದು, ಒರೆಸಿ, ಚೀಲಕ್ಕೆ ಹಾಕಿ ಕೊಟ್ಟಿದ್ದರು. ವಾಪಸು ತಂದಾಗ ತೆಗೆದು ಮೇಜಿನ ಮೇಲಿಟ್ಟವರೂ ಅವರೇ. ಎಂಥ ಅಕ್ಕರೆ ಎಂದುಕೊಂಡಿದ್ದೆ.

ಅತ್ತೆ ಮೇಲಂಗಿಯ ಅಂಚನ್ನೇ ಹಿಂಡುತ್ತ ಕೂತಿದ್ದರು.

"ಅಮ್ಮ," ಕಸೀಲ್ದಾರ ದನಿ ಮೆತ್ತಗಾಯಿತು. "ನಿನ್ನ ಕೋಣೇಲಿ ಸಂತರ ವಿಗ್ರಹದ ಮುಂದೆ ತಟ್ಟೇಲಿ ಅವರ ಪುಟ್ಟ ಪಟಗಳು ಇರ್ತಿದ್ವು. ಬರುವಾಗ ನೋಡಿದೆ, ಈಗ ಖಾಲಿ. ಪಕ್ಕದಲ್ಲಿ ಟೇಪಿನ ಸುರುಳಿ ಇದೆ. ಯಾಕಮ್ಮ?"

ಕಸೀಲ್ದಾ ಲ್ಯಾಪ್‌ಟಾಪ್ ಎತ್ತಿ ಬೋರಲು ಹಾಕಿದರು.

ಅಡಿಯಲ್ಲಿ ಗಾಳಿ ಎಳೆದುಕೊಳ್ಳುವ ಜಾಲರಿಯ ಮೇಲೆ, ಒತ್ತೊತ್ತಾಗಿ, ಪ್ಲಾಸ್ಟಿಕ್ ಹೊದಿಸಿದ ನಾಲ್ಕು ಪಟಗಳು! ನಾಲ್ಕರಲ್ಲೂ ಸಂತ ಎಸ್ಪೆದೀತೋ, ಕಾಲಡಿಯಲ್ಲಿ ಕಾಗೆಯನ್ನು ಮೆಟ್ಟಿ ನಿಂತಿದ್ದ. ತುರ್ತು ಕೆಲಸಗಳ ಸಂತ ಅವನು. ಅವನ ಬಳಿ 'ನಾಳೆ ಬಾ' ಎನ್ನುವ ಮಾತೇ ಇಲ್ಲ.

"ಮೊದಲ ದಿನ ನಿಧಾನ ಆಗಿದ್ದು ಯಾವುದೋ ಅಪ್‌ಡೇಟ್‌ನಿಂದ ಇರಬೇಕು. ಅದು ಅವತ್ತೇ ಮುಗಿದಿರುತ್ತೆ," ಅಂದರು ಕಸೀಲ್ದಾ. "ಡೆಲ್ಫಿನಾ ಗೋಳಾಡಿದ್ದು ಕೇಳಿ ಅಮ್ಮ ಒಂದು ಪಟ ಅಂಟಿಸಿದಳು. ಗಾಳಿ ಕಟ್ಟಿತು. ಯಂತ್ರಕ್ಕೆ ಜ್ವರ ಬಂತು. ಜ್ವರ ಬಂದ ಯಂತ್ರ ತಾನಾಗೇ ನಿಧಾನ ಮಾಡುತ್ತೆ. ಅಂಗಡಿಗೆ ಹೋಗುವಾಗ ಪಟ ಕಿತ್ತಳು, ಅಂಟು ಮಾತ್ರ ಉಳೀತು. ಮನೆಗೆ ಬಂದ ಮೇಲೆ ಮತ್ತೆ ಅಂಟಿಸಿದಳು. ಅಪರಾಧಿ ಈ ಸಂತ. ಒಳಗೆ ಬಿಟ್ಟವಳು ಅಮ್ಮ."

"ಸಂತರನ್ನ ಅಂಗಡಿಯವನ ಕೈಗೆ ಕೊಡೋಕಾಗುತ್ತಾ?" ಅಂದರು ಅತ್ತೆ. "ಒಬ್ಬರ ಕೈಲಿ ಆಗಲಿಲ್ಲ, ಇನ್ನೊಬ್ಬರನ್ನ ಸೇರಿಸಿದೆ. ಅದು ಇನ್ನೂ ನಿಧಾನ ಆಯ್ತು. ಮತ್ತೆ ಸೇರಿಸಿದೆ. ಮಗಳು ಆ ಬೆಟ್ಟಕ್ಕೆ ಹೋಗಬಾರದು ಅಂತ ತಾನೆ ಮಾಡಿದ್ದು."

ನನಗೆ ಬೈಯಬೇಕು ಅನ್ನಿಸಿತು. ಎಷ್ಟು ದಿನ ನಿದ್ದೆಗೆಟ್ಟಿದ್ದೆ! ಆದರೆ ಆ ಮುಖ ನೋಡಿ ಸಿಟ್ಟು ಇಳಿಯಿತು. ಲಿಯಾಂದ್ರೋ ಮಾತ್ರ ನನ್ನನ್ನೇ ನೋಡುತ್ತಿದ್ದ. ಅವನಿಗೆ ತಪ್ಪಾಯಿತು ಎಂದೆ.

ಪಟಗಳನ್ನು ಕಿತ್ತೆವು. ಯಂತ್ರವನ್ನು ನಾಲ್ಕು ಬಾಟಲಿ ಮುಚ್ಚಳಗಳ ಮೇಲೆ ನಿಲ್ಲಿಸಿದೆವು. ಅಭ್ಯಾಸದ ಪರೀಕ್ಷೆ ಕೊನೆಯ ಪ್ರಶ್ನೆಯವರೆಗೂ ಓಡಿತು. ಅತ್ತೆ ಮಾತ್ರ ಪಟಗಳನ್ನು ಮಡಿಲಲ್ಲಿಟ್ಟುಕೊಂಡು, ಪ್ರಾರ್ಥಿಸಲೂ ಹೆದರಿ, ಮೂಲೆಯಲ್ಲಿ ಕೂತಿದ್ದರು.

ಬೆಳಿಗ್ಗೆ ಪರೀಕ್ಷೆಗೆ ಕೂರುವ ಮುಂಚೆ ಡೆಲ್ಫಿನಾ ಅಮ್ಮನ ಮುಂದೆ ಕೈಚಾಚಿದಳು.

"ಒಂದು ಪಟ ಕೊಡಮ್ಮ. ಯಂತ್ರ ಓಡ್ತಾ ಇದೆ. ಈಗ ಓಡಬೇಕಾದವಳು ನಾನು."

ಅದನ್ನು ಜೇಬಿಗಿಟ್ಟುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು, ಮೆಲ್ಲಗೆ ಪ್ರಾರ್ಥನೆ ಶುರುಮಾಡಿದರು.